ಏರ್ ಫೋರ್ಕ್ ಕೈಕೊಟ್ಟಾಗ: ಬಿಚ್ಚುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು

ಮೌಂಟನ್ ಬೈಕಿನ ಏರ್ ಫೋರ್ಕ್ (ಮುಂದಿನ ಚಕ್ರ ಹಿಡಿದು, ಗಾಳಿಯ ಬಲದಿಂದ ಹೊಡೆತ ತಾಳುವ ಸಸ್ಪೆನ್ಷನ್) ಸರಿಯಾಗಿ ಕೆಲಸ ಮಾಡದಿದ್ದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದಿಷ್ಟು ಗಾಳಿ ಹೊಡೆದು ನೋಡುತ್ತಾರೆ, ಆಗಲಿಲ್ಲವೆಂದರೆ ಅಂಗಡಿಗೆ ಕೊಟ್ಟು "ಸೀಲ್ ಹೋಗಿರಬೇಕು, ಬದಲಾಯಿಸಿ" ಎನ್ನುತ್ತಾರೆ. ಆದರೆ ಯಾವ ಸೀಲ್? ಗಾಳಿ ಹಿಡಿಯುವ ಸೀಲ್ ಬೇರೆ, ಆಯಿಲ್ ಹಿಡಿಯುವುದು ಬೇರೆ, ಧೂಳು ತಡೆಯುವುದು ಬೇರೆ. ಕೆಟ್ಟಿರುವುದನ್ನು ಬಿಟ್ಟು ಬೇರೊಂದನ್ನು ಬದಲಿಸಿದರೆ ದುಡ್ಡೂ ಹೋಯಿತು, ದೋಷವೂ ಉಳಿಯಿತು. ಬಹುತೇಕ ದೋಷಗಳ ಜಾಗವನ್ನು ಒಂದೇ ಒಂದು ಬೋಲ್ಟ್ ಸಡಿಲಿಸದೆ ಕಂಡುಹಿಡಿಯಬಹುದು. ಬೇಕಾಗುವುದು ಒಂದು ಶಾಕ್ ಪಂಪ್ (ಫೋರ್ಕಿಗೆ ಗಾಳಿ ಹೊಡೆಯುವ, ಒತ್ತಡ ತೋರಿಸುವ ಮುಳ್ಳಿರುವ ಕೈಪಂಪ್), ಒಂದು ಸ್ಕೇಲ್, ಸ್ವಲ್ಪ ಸೋಪಿನ ನೀರು ಮತ್ತು ತಾಳ್ಮೆ.

ಫೋರ್ಕಿನ ಎರಡು ಕಾಲುಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಒಳಗಿನ ಕೆಲಸ ಪೂರ್ತಿ ಬೇರೆ. ರಾಕ್‌ಶಾಕ್ಸ್, ಫಾಕ್ಸ್, ಎಸ್‌ಆರ್ ಸನ್‌ಟೂರ್ ಕಂಪನಿಗಳ ಸಾಮಾನ್ಯ ಏರ್ ಮಾದರಿಗಳಲ್ಲಿ ಸವಾರನ ಎಡಗಡೆಯ ಕಾಲಿನಲ್ಲಿ ಗಾಳಿಯ ಸ್ಪ್ರಿಂಗ್ ಇರುತ್ತದೆ, ಬಲಗಡೆಯದರಲ್ಲಿ ಆಯಿಲ್ ತುಂಬಿದ ಡ್ಯಾಂಪರ್. ಗಾಳಿ ಭಾರ ಹೊರುತ್ತದೆ. ಡ್ಯಾಂಪರ್ ಎಷ್ಟು ಬೇಗ ಒತ್ತಬೇಕು, ಎಷ್ಟು ಬೇಗ ಮೇಲೇಳಬೇಕು ಎಂದು ನಿಯಂತ್ರಿಸುತ್ತದೆ. ಇವೆರಡರ ಹೊರಗೆ, ಮೇಲಿನ ಕೊಳವೆಗಳು ಜಾರಾಡುವ ಲೋವರ್ ಇದೆ. ಅದರಲ್ಲಿರುವ ಬುಷ್, ಫೋಮ್ ರಿಂಗ್, ಡಸ್ಟ್ ಸೀಲ್ ಮತ್ತು ಚೂರು ಆಯಿಲ್ ಜಾರುವಿಕೆಯನ್ನು ನುಣುಪಾಗಿಡುತ್ತವೆ. ಹಾಗಾಗಿ ಫೋರ್ಕ್ ನಿಲ್ಲುವ ಎತ್ತರದಲ್ಲಿ ತೊಂದರೆ ಇದ್ದರೆ ಮೊದಲು ಎಡಗಾಲನ್ನು ನೋಡಿ, ವೇಗದಲ್ಲಿ ತೊಂದರೆ ಇದ್ದರೆ ಬಲಗಾಲನ್ನು ನೋಡಿ, ತಡೆತಡೆದು ಜಾರುತ್ತಿದ್ದರೆ ಲೋವರ್ ನೋಡಿ. ಕ್ಯಾನನ್‌ಡೇಲ್ ಲೆಫ್ಟಿಯಂಥ ಒಂಟಿ ಕಾಲಿನ ಫೋರ್ಕಿಗೆ ಎಡಬಲದ ಈ ಲೆಕ್ಕ ಹೊಂದುವುದಿಲ್ಲ. ಉಳಿದವುಗಳಲ್ಲಿ ಅರ್ಧ ಕೆಲಸ ಇದರಿಂದಲೇ ಮುಗಿಯುತ್ತದೆ.

ಫೋರ್ಕನ್ನು ದೂರುವ ಮೊದಲು

ಫೋರ್ಕ್ ಒತ್ತಿಕೊಳ್ಳದಂತೆ ಬಿಗಿಹಿಡಿಯುವ ಲಾಕೌಟ್ ಲಿವರ್ ಎಲ್ಲಿದೆ ನೋಡಿ. ಹ್ಯಾಂಡಲ್ ಮೇಲಿನ ರಿಮೋಟ್ ಲಾಕೌಟ್ ಇರುವ ಸೈಕಲ್ಲುಗಳಲ್ಲಿ ಕೇಬಲ್ ಒಳಗೆ ಕೆಸರು ಹಿಡಿದು, ಲಿವರ್ ತೆರೆದಂತೆ ಕಂಡರೂ ಫೋರ್ಕ್ ಅರ್ಧ ಲಾಕ್ ಆಗಿಯೇ ಉಳಿಯುವುದು ತೀರಾ ಸಾಮಾನ್ಯ. ಕೇಬಲ್ ಬಿಡಿಸಿ, ಫೋರ್ಕ್ ಮೇಲಿನ ಗುಂಡಿಯನ್ನು ಕೈಯಿಂದಲೇ ತಿರುಗಿಸಿ ಪರೀಕ್ಷಿಸಿ. ಆಗ ಮೆತ್ತಗಾದರೆ ಬದಲಿಸಬೇಕಾದದ್ದು ಕೇಬಲ್ ಮಾತ್ರ.

ಮುಂದಿನ ಟೈರಿನ ಗಾಳಿಯನ್ನೂ ಅಳೆಯಿರಿ. ಟೈರ್ ಕಲ್ಲಿನಂತೆ ಗಟ್ಟಿಯಿದ್ದರೆ ಸಣ್ಣ ಸಣ್ಣ ಹೊಡೆತಗಳೆಲ್ಲ ಕೈಗೇ ಬರುತ್ತವೆ, ಬೈಗುಳ ಮಾತ್ರ ಫೋರ್ಕಿಗೆ. ಇನ್ನೊಂದು, ಚಕ್ರದ ಆಕ್ಸಲ್. ಅದನ್ನು ವಿಪರೀತ ಬಿಗಿದರೆ ಅಥವಾ ಹಬ್‌ನ ಅಗಲ ಹೊಂದದಿದ್ದರೆ ಲೋವರಿನ ಎರಡು ಕಾಲುಗಳು ಒಳಕ್ಕೆ ಸೆಳೆದುಕೊಂಡು ಬುಷ್‌ಗಳು ಹಿಡಿದುಕೊಳ್ಳುತ್ತವೆ. ಸೈಕಲ್ ನಿಂತಿರುವಾಗ ಆಕ್ಸಲ್ ಸಡಿಲಿಸಿ ಒಮ್ಮೆ ಒತ್ತಿ ನೋಡಿ. ಜಾರುವಿಕೆ ತಟ್ಟನೆ ಸುಧಾರಿಸಿದರೆ ಕಾರಣ ಅಲ್ಲೇ ಇದೆ. ಸವಾರಿಗೆ ಮೊದಲು ಮತ್ತೆ ಸರಿಯಾಗಿ ಬಿಗಿಯುವುದನ್ನು ಮರೆಯಬೇಡಿ.

ಗಾಳಿ ನಿಜಕ್ಕೂ ಇಳಿಯುತ್ತಿದೆಯೇ?

"ದಿನಾ ನೋಡುತ್ತೇನೆ, ದಿನಾ ಐದಾರು ಪಿಎಸ್‌ಐ ಕಡಿಮೆ ಇರುತ್ತದೆ" ಎಂಬ ದೂರು ಬಹಳ ಕೇಳಿಬರುತ್ತದೆ. ಇಲ್ಲಿ ಗಾಳಿ ಕದಿಯುತ್ತಿರುವುದು ಪಂಪೇ. ಫೋರ್ಕಿನ ಗಾಳಿಕೋಣೆ ಸಣ್ಣದು. ಖಾಲಿ ಪಂಪನ್ನು ವಾಲ್ವಿಗೆ ತಿರುಗಿಸಿದ ಕೂಡಲೇ ಫೋರ್ಕಿನೊಳಗಿನ ಗಾಳಿ ಬಂದು ಪಂಪಿನ ಪೈಪನ್ನು ತುಂಬುತ್ತದೆ, ಮುಳ್ಳು ಆ ಕಡಿಮೆಯಾದ ಒತ್ತಡವನ್ನೇ ತೋರಿಸುತ್ತದೆ. ಪಂಪ್ ಬಿಚ್ಚುವಾಗ ಬರುವ 'ಪುಸ್' ಶಬ್ದವೂ ಹೆಚ್ಚಾಗಿ ಪೈಪಿನ ಗಾಳಿಯದು, ಫೋರ್ಕಿನದಲ್ಲ. ಆದ್ದರಿಂದ ಮತ್ತೆ ಮತ್ತೆ ಪಂಪ್ ಹಾಕಿ ನೋಡುವುದು ಸೋರಿಕೆಯ ಪರೀಕ್ಷೆಯೇ ಅಲ್ಲ.

ಎತ್ತರ ಅಳೆಯುವುದೇ ಸರಿಯಾದ ಪರೀಕ್ಷೆ. ಚಕ್ರ ನೆಲದಿಂದ ಎತ್ತಿ, ಡಸ್ಟ್ ಸೀಲಿನ ಮೇಲಂಚಿನಿಂದ ಕ್ರೌನ್ (ಎರಡೂ ಕೊಳವೆಗಳನ್ನು ಮೇಲೆ ಜೋಡಿಸುವ ಭಾಗ) ತನಕ ಎಷ್ಟು ಕೊಳವೆ ಕಾಣುತ್ತದೆ ಎಂದು ಸ್ಕೇಲ್ ಇಟ್ಟು ಬರೆದುಕೊಳ್ಳಿ. ಆಮೇಲೆ ಸವಾರಿಯ ಬಟ್ಟೆ, ಬ್ಯಾಗು ಸಮೇತ ಪೆಡಲ್ ಮೇಲೆ ನಿಂತು, ಕೊಳವೆಯ ಮೇಲಿನ ರಬ್ಬರ್ ರಿಂಗ್ ಎಷ್ಟು ಸರಿದಿದೆ ನೋಡಿ. ಇದೇ ಸ್ಯಾಗ್. 120 ಮಿ.ಮೀ. ಟ್ರಾವೆಲ್ (ಫೋರ್ಕ್ ಒಟ್ಟು ಒತ್ತಿಕೊಳ್ಳಬಲ್ಲ ದೂರ) ಇರುವ ಫೋರ್ಕಿನಲ್ಲಿ 20 ಪ್ರತಿಶತ ಸ್ಯಾಗ್ ಎಂದರೆ 24 ಮಿ.ಮೀ. ಮಾರನೆಯ ದಿನ ಪಂಪ್ ಮುಟ್ಟದೆ ಇವೆರಡನ್ನೇ ಮತ್ತೆ ಅಳೆಯಿರಿ. ಅಳತೆ ಹಾಗೆಯೇ ಇದ್ದರೆ ಗಾಳಿಯೂ ಹಾಗೆಯೇ ಇದೆ.

ಗಾಳಿ ಹೊಡೆಯುವಾಗಲೇ ಇನ್ನೊಂದು ಭ್ರಮೆ ಹುಟ್ಟುತ್ತದೆ. ಈಗಿನ ಗಾಳಿ ಸ್ಪ್ರಿಂಗಿನಲ್ಲಿ ಪಿಸ್ಟನ್ನಿನ ಮೇಲೊಂದು, ಕೆಳಗೊಂದು ಕೋಣೆ ಇರುತ್ತದೆ. ಮೇಲಿನ ಪಾಸಿಟಿವ್ ಕೋಣೆ ನಿಮ್ಮನ್ನು ಹೊರುತ್ತದೆ. ಕೆಳಗಿನ ನೆಗೆಟಿವ್ ಕೋಣೆ ಅದಕ್ಕೆ ಎದುರಾಗಿ ಒತ್ತಿ, ಆರಂಭದ ಬಿಗುವನ್ನು ಕಡಿಮೆ ಮಾಡುತ್ತದೆ. ಎರಡಕ್ಕೂ ವಾಲ್ವ್ ಒಂದೇ. ಫೋರ್ಕ್ ಹೆಚ್ಚುಕಡಿಮೆ ಪೂರ್ತಿ ಮೇಲೆದ್ದಿರುವಾಗ ಮಾತ್ರ ಪಿಸ್ಟನ್ ಪಕ್ಕದ ಸಣ್ಣ ತಗ್ಗೊಂದರ ಮೂಲಕ ಗಾಳಿ ಮೇಲಿನಿಂದ ಕೆಳಕ್ಕೆ ದಾಟುತ್ತದೆ. ಆದ್ದರಿಂದ 80 ಪಿಎಸ್‌ಐ ಹೊಡೆದು ನಾಲ್ಕು ಸಲ ಮೆಲ್ಲಗೆ ಒತ್ತಿ ಬಿಟ್ಟರೆ ಮುಳ್ಳು ಕೆಳಗಿಳಿದಿರುತ್ತದೆ. ಗಾಳಿ ಹೊರಹೋಗಿಲ್ಲ, ಕೆಳಕೋಣೆಗೆ ಸೇರಿದೆ. ಪಂಪ್ ಹಾಕಿದಂತೆಯೇ ಒತ್ತುತ್ತ, ಮತ್ತೆ ಹೊಡೆಯುತ್ತ, ಮುಳ್ಳು ನಿಂತಲ್ಲೇ ನಿಲ್ಲುವ ತನಕ ಸರಿದೂಗಿಸಬೇಕು. ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಹಳೆಯ ರಾಕ್‌ಶಾಕ್ಸ್ ಡ್ಯುಯಲ್ ಏರ್ ಆಗಿದ್ದರೆ ನೆಗೆಟಿವ್ ಕೋಣೆಗೆ ಕಾಲಿನ ತಳದಲ್ಲಿ ಬೇರೆಯೇ ವಾಲ್ವ್ ಇರುತ್ತದೆ, ಅದಕ್ಕೆ ಬೇರೆಯಾಗಿಯೇ ಹೊಡೆಯಬೇಕು.

ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಫೋರ್ಕಿಗೆ ಗಾಳಿ ಹಾಕಿಸಬೇಡಿ. ವಾಲ್ವ್ ಕಾರಿನದೇ ಆದರೂ ಒಳಗಿನ ಜಾಗ ಅಂಗೈಯಷ್ಟೂ ಇಲ್ಲ. ಒಂದೇ ಕ್ಷಣದಲ್ಲಿ ಒತ್ತಡ ಮಿತಿ ಮೀರಬಹುದು.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಧ್ಯಾಹ್ನ 32 ಡಿಗ್ರಿಯಲ್ಲಿ 80 ಪಿಎಸ್‌ಐ ಹೊಂದಿಸಿದ ಫೋರ್ಕನ್ನು ಚಿಕ್ಕಮಗಳೂರಿನ ಗುಡ್ಡದಲ್ಲಿ 15 ಡಿಗ್ರಿಯ ಬೆಳಗಿನಲ್ಲಿ ಓಡಿಸಿದರೆ, ಒಂದು ಹನಿ ಗಾಳಿ ಸೋರದಿದ್ದರೂ ಸುಮಾರು 5 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಬೆಂಗಳೂರಿನಿಂದ ಲೇಹ್‌ಗೆ ಒಯ್ದವರಿಗೆ ಇದರ ಉಲ್ಟಾ ಅನುಭವ: 3,500 ಮೀಟರ್ ಎತ್ತರದಲ್ಲಿ ಹೊರಗಿನ ವಾಯುಒತ್ತಡ ಕಡಿಮೆ, ಹಾಗಾಗಿ ಫೋರ್ಕ್ 3–4 ಪಿಎಸ್‌ಐ ಗಟ್ಟಿಯಾದಂತಿರುತ್ತದೆ, ಅಲ್ಲಿನ ಚಳಿ ಅದರಲ್ಲಿ ಒಂದಿಷ್ಟನ್ನು ಮತ್ತೆ ಇಳಿಸುತ್ತದೆ. ಸವಾರಿ ನಡೆಯುವ ಜಾಗದಲ್ಲೇ ಸ್ಯಾಗ್ ಹೊಂದಿಸುವುದು ಇದಕ್ಕೆ ಪರಿಹಾರ.

ಎಡಗಾಲು: ಮೂರು ಸೋರಿಕೆ, ಮೂರು ಲಕ್ಷಣ

ಎತ್ತರ ನಿಜಕ್ಕೂ ಇಳಿದಿದೆ ಎಂದಾದರೆ ಗಾಳಿ ಮೂರು ದಾರಿಯಲ್ಲಿ ಹೋಗಿರಬಹುದು. ಮೂರರ ರಿಪೇರಿಯೂ ಬೇರೆ, ಖರ್ಚೂ ಬೇರೆ. ಇದನ್ನು ಬಿಡಿಸಿಕೊಳ್ಳಲು ಸಾಕಷ್ಟು ಸಮಯ ಕೊಡಿ.

ಮೊದಲನೆಯದು ಹೊರಗಿನ ಸೋರಿಕೆ: ಗಾಳಿ ವಾಲ್ವಿನಿಂದಲೋ ಮೇಲಿನ ಟಾಪ್ ಕ್ಯಾಪಿನ ಓ-ರಿಂಗಿನಿಂದಲೋ ಹೊರಕ್ಕೆ ಹೋಗುತ್ತಿದೆ. ಫೋರ್ಕ್ ಇಳಿದಿರುತ್ತದೆ, ಪಂಪ್ ಹಾಕಿದರೆ ಮುಳ್ಳು ಸೊನ್ನೆಯ ಹತ್ತಿರ ಇರುತ್ತದೆ. ವಾಲ್ವ್ ಮತ್ತು ಕ್ಯಾಪಿನ ಅಂಚಿಗೆ ಸೋಪಿನ ನೀರು ಹನಿಸಿ ಎರಡು ನಿಮಿಷ ಕಾಯಿರಿ. ಗುಳ್ಳೆ ವಾಲ್ವಿನ ಮಧ್ಯದಿಂದ ಬಂದರೆ ಒಳಗಿನ ಪಿನ್ನು ಸಡಿಲವಾಗಿದೆ ಅಥವಾ ಅದರಲ್ಲಿ ಧೂಳು ಕೂತಿದೆ. ಟೈರ್ ಅಂಗಡಿಯ ವಾಲ್ವ್ ಕೀಲಿಯಿಂದ ಕಾಲು ಸುತ್ತು ಬಿಗಿಯಾದರೂ ಸಾಕಾಗಬಹುದು. ಪಿನ್ನನ್ನು ಬಿಚ್ಚುವುದೇ ಆದರೆ ಗಾಳಿ ಪೂರ್ತಿ ಬಿಟ್ಟ ಮೇಲೆ ಬಿಚ್ಚಿ, ಇಲ್ಲವಾದರೆ ಅದು ಗುಂಡಿನಂತೆ ಹಾರುತ್ತದೆ. ಕ್ಯಾಪಿನ ಅಂಚಿನಿಂದ ಗುಳ್ಳೆ ಬಂದರೆ ಓ-ರಿಂಗ್ ಬದಲಿಸಿ, ಗ್ರೀಸ್ ಹಚ್ಚಿ ಕೂರಿಸಿದರೆ ಮುಗಿಯಿತು.

ಎರಡನೆಯದು ಪಿಸ್ಟನ್ ಸೀಲಿನ ಒಳಸೋರಿಕೆ. ಇದೇ ಹೆಚ್ಚು ಜನರನ್ನು ದಾರಿ ತಪ್ಪಿಸುವುದು. ನೀವು ಭಾರ ಹಾಕಿದಾಗ ಮೇಲಿನ ಕೋಣೆಯ ಒತ್ತಡ ಕೆಳಗಿನದಕ್ಕಿಂತ ಹೆಚ್ಚಾಗುತ್ತದೆ. ಪಿಸ್ಟನ್ ಸೀಲ್ ಸವೆದಿದ್ದರೆ ಆಗ ಗಾಳಿ ಸ್ವಲ್ಪ ಸ್ವಲ್ಪವಾಗಿ ಕೆಳಕೋಣೆಗೆ ಜಾರುತ್ತದೆ. ನೀವು ಇಳಿದ ಮೇಲೆ ಆ ಹೆಚ್ಚುವರಿ ಗಾಳಿ ಫೋರ್ಕನ್ನು ಕೆಳಕ್ಕೇ ಹಿಡಿದಿಟ್ಟುಕೊಳ್ಳುತ್ತದೆ. 120 ಮಿ.ಮೀ. ಕಾಣಬೇಕಾದ ಕೊಳವೆ 95–100 ಮಿ.ಮೀ. ಮಾತ್ರ ಕಾಣುತ್ತಿದೆ, ಆದರೆ ಪಂಪಿನ ಮುಳ್ಳು ಸೊನ್ನೆಯಿಂದ ಬಹಳ ಮೇಲಿದೆ ಎಂದರೆ ಇದೇ ರೋಗ. ಖಚಿತಪಡಿಸಿಕೊಳ್ಳಲು ಮುಂದಿನ ಚಕ್ರವನ್ನು ಕಾಲಿನಿಂದ ಹಿಡಿದು ಹ್ಯಾಂಡಲ್ಲನ್ನು ಜೋರಾಗಿ ಮೇಲಕ್ಕೆ ಎಳೆಯಿರಿ. ಕೊನೆಯಲ್ಲಿ ಒಂದು ಸಣ್ಣ 'ಸ್ಸ್' ಕೇಳಿ ಫೋರ್ಕ್ ತನ್ನ ಎತ್ತರಕ್ಕೆ ಮರಳುತ್ತದೆ. ತಗ್ಗಿನ ಮೂಲಕ ಕೋಣೆಗಳು ಮತ್ತೆ ಸಮವಾದ ಶಬ್ದ ಅದು. ಒಂದು ಸವಾರಿಯ ನಂತರ ಮತ್ತೆ ಕುಸಿದರೆ ಅನುಮಾನವೇ ಬೇಡ, ಗಾಳಿ ಸ್ಪ್ರಿಂಗಿನ ಸೀಲ್ ಕಿಟ್ ಬೇಕು. ಒಂದೇ ಸಲ ಆಗಿ ಮತ್ತೆ ಮರುಕಳಿಸದಿದ್ದರೆ ಗಾಳಿ ಹೊಡೆದವರು ಸರಿದೂಗಿಸಿರಲಿಲ್ಲ ಅಷ್ಟೆ.

ಮೂರನೆಯದು ಗಾಳಿ ಸ್ಪ್ರಿಂಗಿನ ತಳದ ಸೀಲ್ ಹೆಡ್. ಕೆಳಕೋಣೆಯ ಗಾಳಿ ಇಲ್ಲಿಂದ ತಪ್ಪಿಸಿಕೊಂಡು ಲೋವರಿನೊಳಗೆ ಸೇರುತ್ತದೆ. ಹೊರಗೆ ಗುಳ್ಳೆ ಕಾಣುವುದಿಲ್ಲ, ಆದರೂ ಒತ್ತಡ ದಿನದಿಂದ ದಿನಕ್ಕೆ ಇಳಿಯುತ್ತದೆ. ಲೋವರ್ ತಾನೇ ಉಬ್ಬಿಕೊಂಡು ಕೊನೆಯ ಭಾಗದ ಟ್ರಾವೆಲ್ ಸಿಗುವುದಿಲ್ಲ, ಡಸ್ಟ್ ಸೀಲಿನ ಸುತ್ತ ಆಯಿಲ್ ಉಗುಳುತ್ತದೆ, ಮೇಲೆದ್ದಾಗ 'ಟಕ್' ಎಂದು ಬಡಿಯುತ್ತದೆ. ಪರೀಕ್ಷೆ ಸುಲಭ: ತೆಳ್ಳಗಿನ, ತುದಿ ದುಂಡಗಿರುವ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಕೊಳವೆಗೆ ಒತ್ತಿಕೊಂಡಂತೆ ಡಸ್ಟ್ ಸೀಲಿನ ತುಟಿಯೊಳಗೆ ಮೆಲ್ಲಗೆ ತೂರಿಸಿ. ಗಾಳಿ ರಭಸದಿಂದ ಹೊರಬಂದರೆ ಲೋವರಿನಲ್ಲಿ ಒತ್ತಡ ಇತ್ತು. ಒಂದೆರಡು ಸವಾರಿಯಲ್ಲೇ ಅದು ಮತ್ತೆ ತುಂಬಿಕೊಂಡರೆ ಸೀಲ್ ಹೆಡ್ ಹೋಗಿದೆ. ಘಾಟಿ ಹತ್ತಿದ ಮೇಲೆ ಒಮ್ಮೆ ಸ್ವಲ್ಪ ಗಾಳಿ ಬಂದರೆ ಅದು ದೋಷವಲ್ಲ, ಎತ್ತರದ ಪರಿಣಾಮ. ಫಾಕ್ಸ್‌ನ 36 ಮತ್ತು 38ರ ಇತ್ತೀಚಿನ ಮಾದರಿಗಳಲ್ಲಿ ಇದಕ್ಕೆಂದೇ ಲೋವರ್ ಹಿಂದೆ ಸಣ್ಣ ಗುಂಡಿಗಳಿವೆ, ಒತ್ತಿದರೆ ಸಾಕು.

ಪೂರ್ತಿ ಟ್ರಾವೆಲ್ ಸಿಗುತ್ತಿಲ್ಲ

ವಾಲ್ವಿನಿಂದ ಗಾಳಿಯನ್ನೆಲ್ಲ ಬಿಟ್ಟು, ಕೈಯಿಂದ ಫೋರ್ಕನ್ನು ತಳದ ತನಕ ಒತ್ತಿ. ಆಗ ಪೂರ್ತಿ ಹೋಗುತ್ತದೆ ಎಂದರೆ ದೋಷ ನಿಮ್ಮ ಹೊಂದಿಕೆಯಲ್ಲಿದೆ: ಗಾಳಿ ಹೆಚ್ಚು, ಅಥವಾ ಟಾಪ್ ಕ್ಯಾಪಿನ ಕೆಳಗೆ ಕೋಣೆಯನ್ನು ಕಿರಿದಾಗಿಸುವ ಟೋಕನ್‌ಗಳು ಹೆಚ್ಚು. ಒಂದು ಟೋಕನ್ ತೆಗೆದು ನೋಡಿ. ಗಾಳಿ ಇಲ್ಲದೆಯೂ ತಳ ಮುಟ್ಟದಿದ್ದರೆ ಒಳಗೆ ಏನೋ ಅಡ್ಡಬಂದಿದೆ, ಮತ್ತು ಆ 'ಏನೋ' ಹೆಚ್ಚಾಗಿ ಆಯಿಲ್. ಲೋವರಿನಲ್ಲಿ ಇರಬೇಕಾದದ್ದು ಜಾರಲು ಬೇಕಾದಷ್ಟು, ಅಂದರೆ ಮಾದರಿಗೆ ತಕ್ಕಂತೆ ಕಾಲೊಂದಕ್ಕೆ ಕೆಲವೇ ಮಿ.ಲೀ. ಮೋಟಾರ್ ಬೈಕಿನ ಫೋರ್ಕ್ ರಿಪೇರಿ ಮಾಡಿ ಅಭ್ಯಾಸವಿರುವ ಮೆಕ್ಯಾನಿಕ್ ಅದೇ ಲೆಕ್ಕದಲ್ಲಿ ನೂರಾರು ಮಿ.ಲೀ. ಸುರಿದರೆ ಫೋರ್ಕ್ ಆಯಿಲಿನ ಮೇಲೆಯೇ ನಿಂತುಬಿಡುತ್ತದೆ. ಸರ್ವಿಸ್ ಆಗಿ ಬಂದ ಮೇಲೆ ಟ್ರಾವೆಲ್ ಕಡಿಮೆಯಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಆಯಿಲ್ ಹಾಕಿದಿರಿ ಎಂಬುದು.

ಬಲಗಾಲು: ಡ್ಯಾಂಪರ್

ತಳದಲ್ಲಿರುವ ರಿಬೌಂಡ್ (ಮೇಲೇಳುವ ವೇಗದ) ಗುಂಡಿಯನ್ನು ಒಂದು ತುದಿಗೆ ತಿರುಗಿಸಿ ಒತ್ತಿ ಬಿಡಿ, ಇನ್ನೊಂದು ತುದಿಗೆ ತಿರುಗಿಸಿ ಮತ್ತೆ ಒತ್ತಿ ಬಿಡಿ. ಮೇಲೇಳುವ ವೇಗದಲ್ಲಿ ಸ್ಪಷ್ಟ ವ್ಯತ್ಯಾಸ ಇರಬೇಕು. ಎರಡರಲ್ಲೂ ಚಿಮ್ಮಿ ಬರುತ್ತಿದ್ದರೆ ಡ್ಯಾಂಪರಿನಲ್ಲಿ ಆಯಿಲ್ ಕಡಿಮೆಯಾಗಿದೆ ಅಥವಾ ಗಾಳಿ ಸೇರಿದೆ. 'ಚರಚರ' ಎಂಬ ಒದ್ದೆ ಶಬ್ದವೂ ಜೊತೆಗಿದ್ದರೆ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಲಾಕೌಟ್ ಹಾಕಿದರೂ ಮೊದಲಿನಂತೆ ಗಟ್ಟಿಯಾಗದಿರುವುದು ಇನ್ನೊಂದು ಸುಳಿವು.

ಆದರೆ ಸೈಕಲ್ಲನ್ನು ಗೋಡೆಯ ಕೊಕ್ಕೆಗೆ ನೇತುಹಾಕಿದ್ದಿರೋ, ಟೆಂಪೋದಲ್ಲಿ ತಲೆಕೆಳಗಾಗಿ ತಂದಿದ್ದಿರೋ ನೆನಪಿಸಿಕೊಳ್ಳಿ. ಆಯಿಲ್ ಮುಕ್ತವಾಗಿ ತುಂಬಿರುವ ಸರಳ ಡ್ಯಾಂಪರುಗಳಲ್ಲಿ ಆಯಿಲ್ ತನ್ನ ಜಾಗಕ್ಕೆ ಮರಳಲು ಐದಾರು ಸಲ ಒತ್ತಬೇಕಾಗುತ್ತದೆ. ಆಮೇಲೂ ಹಾಗೆಯೇ ಇದ್ದರೆ ಮಾತ್ರ ಚಿಂತಿಸಿ.

ಅಂಥ ಡ್ಯಾಂಪರಿನ ಸೀಲ್ ಹೋದರೆ ಅದರ ಆಯಿಲ್ ಲೋವರಿಗೆ ಇಳಿಯುತ್ತದೆ. ಆಗ ರಿಬೌಂಡ್ ಕೆಡುವುದರ ಜೊತೆಗೆ ಟ್ರಾವೆಲ್ಲೂ ಕಡಿಮೆಯಾಗುತ್ತದೆ, ಜನ ಎಡಗಾಲನ್ನು ಬಿಚ್ಚಿ ಕೂರುತ್ತಾರೆ. ಲೋವರ್ ಸರ್ವಿಸ್ ಮಾಡುವಾಗ ಬಲಗಾಲಿನಿಂದ ಬಂದ ಆಯಿಲನ್ನು ಅಳೆಯುವ ಲೋಟಕ್ಕೆ ಹಿಡಿಯಿರಿ. ಹಾಕಿದ್ದಕ್ಕಿಂತ ಬಹಳ ಹೆಚ್ಚು ಬಂದರೆ ಡ್ಯಾಂಪರ್ ಸೋರುತ್ತಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇಷ್ಟು ನೇರವಾಗಿ ಉತ್ತರ ಹೇಳುವ ಪರೀಕ್ಷೆ ಇನ್ನೊಂದಿಲ್ಲ, ದುರದೃಷ್ಟಕ್ಕೆ ಹೆಚ್ಚಿನ ಕಡೆ ಆ ಆಯಿಲನ್ನು ನೋಡದೆ ಚೆಲ್ಲುತ್ತಾರೆ.

ರಿಬೌಂಡ್ ತೀರಾ ನಿಧಾನವಾಗಿದ್ದರೂ ಗಾಳಿ ದೋಷದ ವೇಷ ಬರುತ್ತದೆ. ಬೇರು, ಕಲ್ಲು ಸಾಲಾಗಿ ಬಂದಾಗ ಒಂದು ಹೊಡೆತದಿಂದ ಮೇಲೇಳುವ ಮೊದಲೇ ಇನ್ನೊಂದು ಬಿದ್ದು ಫೋರ್ಕ್ ಹಂತ ಹಂತವಾಗಿ ತಗ್ಗುತ್ತದೆ. ನಿಲ್ಲಿಸಿದಾಗ ಎತ್ತರ ಸರಿಯಾಗಿಯೇ ಇದ್ದರೆ, ಗಾಳಿ ಹೆಚ್ಚಿಸುವ ಬದಲು ರಿಬೌಂಡನ್ನು ಎರಡು ಕ್ಲಿಕ್ ಸಡಿಲಿಸಿ.

ಲೋವರ್: ಬಿಗುವು, ಕೆಸರು, ನೀರು

ಫೋರ್ಕ್ ಹೊರುವ ಭಾರ ಸರಿ, ವೇಗ ಸರಿ, ಆದರೆ ಸಣ್ಣ ಹೊಡೆತಕ್ಕೆ ಅಲುಗಾಡದೆ ಜೋರು ಹೊಡೆತಕ್ಕೆ ಮಾತ್ರ ತಟಕ್ಕನೆ ಜಾರುತ್ತದೆ ಎಂದರೆ ಲೋವರ್ ಒಣಗಿದೆ. ರಾಕ್‌ಶಾಕ್ಸ್ 50 ಗಂಟೆಗೊಮ್ಮೆ ಲೋವರ್ ಸರ್ವಿಸ್ ಮಾಡಿ ಎನ್ನುತ್ತದೆ. ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಹೇಳುತ್ತದೆ. ಸಕಲೇಶಪುರ, ಕೊಡಗಿನ ಕಾಫಿ ತೋಟದ ದಾರಿಗಳಲ್ಲಿ ಮಳೆಗಾಲ ಕಳೆದ ಫೋರ್ಕಿಗೆ ಗಂಟೆ ಎಣಿಸುತ್ತ ಕೂರದೆ ಒಮ್ಮೆ ಬಿಚ್ಚಿಸಿಬಿಡಿ. ಹೊರಬರುವ ಆಯಿಲ್ ಕೆಂಪು ಮಣ್ಣಿನ ಬಣ್ಣದ್ದಾಗಿದ್ದರೆ ಡಸ್ಟ್ ಸೀಲ್ ಮಣ್ಣನ್ನು ಒಳಗೆ ಬಿಟ್ಟಿದೆ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ, ಮತ್ತು ಅದು ಹೆಚ್ಚಾಗಿ ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ನಿನ ಕೊಡುಗೆ. ಆ ನೀರಿನ ರಭಸವನ್ನು ಡಸ್ಟ್ ಸೀಲ್ ತಡೆಯಲಾರದು. ಮಗ್ಗಿನ ನೀರು, ಮೆತ್ತನೆ ಬ್ರಷ್ ಸಾಕು.

ಸೀಲಿನ ಮೇಲಂಚಿನಲ್ಲಿ ಆಯಿಲಿನ ತೆಳು ಗೆರೆ ಕಾಣುವುದು ಸಹಜ. ತಳದ ಬೋಲ್ಟಿನಿಂದ ಹನಿ ಬೀಳುತ್ತಿದ್ದರೆ ಅಲ್ಲಿನ ಕ್ರಷ್ ವಾಷರ್ ಬದಲಿಸಿ, ಟಾರ್ಕ್ ಕೀಯಿಂದಲೇ ಬಿಗಿಯಿರಿ. ರಾಕ್‌ಶಾಕ್ಸ್‌ನ ಹಲವು ಮಾದರಿಗಳಲ್ಲಿ ಅದು 7.3 ನ್ಯೂಟನ್ ಮೀಟರ್. ಕೈಯಂದಾಜಿನಲ್ಲಿ ತಿರುಗಿಸಿದರೆ ಟೊಳ್ಳು ಬೋಲ್ಟ್ ಮುರಿಯುತ್ತದೆ. ಒಣಗಿದ ಕೊಳವೆಗೆ ಡಬ್ಲ್ಯೂಡಿ-40 ಸಿಂಪಡಿಸಿದರೆ ಒಂದು ದಿನ ನುಣುಪಾಗಿ, ಆಮೇಲೆ ಒಳಗಿನ ಗ್ರೀಸ್ ತೊಳೆದುಹೋಗಿ ಮೊದಲಿಗಿಂತ ಕೆಟ್ಟದಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆಯನ್ನು ಸೀಲಿನ ಹತ್ತಿರ ತರಲೇಬೇಡಿ, ರಬ್ಬರ್ ಉಬ್ಬುತ್ತದೆ.

ಕಟಕಟ ಶಬ್ದ

ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಒಂದು ಬೆರಳನ್ನು ಹೆಡ್‌ಸೆಟ್‌ನ (ಫೋರ್ಕ್ ಫ್ರೇಮಿನೊಳಗೆ ತಿರುಗುವ ಬೇರಿಂಗ್) ಕೆಳಗಿನ ಸಂದಿನಲ್ಲಿಡಿ, ಆಮೇಲೆ ಡಸ್ಟ್ ಸೀಲ್ ಮತ್ತು ಕೊಳವೆಯ ನಡುವೆ ಇಡಿ. ಅಲುಗಾಟ ಯಾವ ಬೆರಳಿಗೆ ಸಿಗುತ್ತದೋ ಅಲ್ಲೇ ಸಡಿಲ. ಹೆಡ್‌ಸೆಟ್ ಆದರೆ ಬಿಗಿದರೆ ಸರಿ, ಬುಷ್ ಆದರೆ ಅದಕ್ಕೆ ವಿಶೇಷ ಸಲಕರಣೆ ಇರುವವರೇ ಬೇಕು. ಕ್ರೌನ್‌ನಿಂದ ಕಿರ್ರ್ ಎಂಬ ಶಬ್ದ ಬರುತ್ತಿದ್ದರೆ ಕೊಳವೆ ಅಥವಾ ಸ್ಟಿಯರರ್ (ಹ್ಯಾಂಡಲ್ ಕೂರುವ ಮೇಲಿನ ದಂಡ) ಒತ್ತಿ ಕೂರಿಸಿದ ಜಾಗ ಸಡಿಲಾಗಿದೆ ಎಂದು ಅನುಮಾನಿಸಿ. ಅದು ಮನೆಯಲ್ಲಿ ಸರಿಮಾಡುವಂಥದ್ದಲ್ಲ, ಆ ಭಾಗವನ್ನೇ ಬದಲಿಸಬೇಕು. ಲೋವರಿನ ಎರಡು ಕಾಲುಗಳನ್ನು ಜೋಡಿಸುವ ಆರ್ಚ್ ಮೇಲೋ ಲೋವರಿನ ಮೇಲೋ ಬಿರುಕು ಕಂಡರೆ ಅವತ್ತೇ ಸವಾರಿ ನಿಲ್ಲಿಸಿ.

ಬಿಚ್ಚಲೇಬೇಕಾದರೆ

ಗಾಳಿ ಬಿಡುವ ರೀತಿಯಲ್ಲಿ ಎಚ್ಚರ ಬೇಕು. ವಾಲ್ವನ್ನು ಒಮ್ಮೆಲೇ ಒತ್ತಿದರೆ ಮೇಲಿನ ಕೋಣೆ ಮಾತ್ರ ಖಾಲಿಯಾಗಿ ಫೋರ್ಕ್ ಕುಸಿಯುತ್ತದೆ, ತಗ್ಗಿನ ದಾರಿ ಮುಚ್ಚಿ ಕೆಳಕೋಣೆಯ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಚಕ್ರದ ಭಾರಕ್ಕೆ ಫೋರ್ಕ್ ಪೂರ್ತಿ ಎಳೆದುಕೊಂಡಿರುವಾಗ ಚೂರು ಚೂರಾಗಿ ಬಿಡಿ. ಆಗ ಎರಡೂ ಕೋಣೆಗಳು ಒಟ್ಟಿಗೆ ಖಾಲಿಯಾಗುತ್ತವೆ. ಗಾಳಿ ಬಿಟ್ಟ ಮೇಲೂ ಫೋರ್ಕ್ ಕೆಳಕ್ಕೆ ಹೀರಿಕೊಂಡು ನಿಂತಿದ್ದರೆ, ಎಳೆದರೂ ಮೇಲೆ ಬರದಿದ್ದರೆ, ಒಳಗೆ ಒತ್ತಡ ಉಳಿದಿದೆ. ಅಂಥ ಸ್ಥಿತಿಯಲ್ಲಿ ತಳದ ಸರ್ಕ್ಲಿಪ್ ತೆಗೆದರೆ ಸೀಲ್ ಹೆಡ್ ಮುಖಕ್ಕೇ ಹಾರಿಬರಬಹುದು. ಮತ್ತೆ ಗಾಳಿ ಹೊಡೆದು ಮೇಲೆಬ್ಬಿಸಿ, ನಿಧಾನವಾಗಿ ಇನ್ನೊಮ್ಮೆ ಬಿಡಿ. ಅದಕ್ಕೂ ಬಗ್ಗದಿದ್ದರೆ ಅನುಭವಿಗಳ ಕೈಗೆ ಕೊಡಿ.

ಒಳಗೆ ಕೆಲಸ ಮಾಡುವಾಗ ಸ್ಕ್ರೂಡ್ರೈವರ್ ತುದಿ ಎಡ ಕೊಳವೆಯ ಒಳಗೋಡೆಗೆ ತಾಗದಂತೆ ನೋಡಿಕೊಳ್ಳಿ. ಗಾಳಿಕೋಣೆಯ ಗೋಡೆಯೇ ಅದು; ಅಲ್ಲೊಂದು ಗೀರು ಬಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಗಾಳಿ ನಿಲ್ಲುವುದಿಲ್ಲ.

ಕಿಟ್ ತರಿಸುವಾಗ "ರೆಕಾನ್‌ಗೆ ಒಂದು ಸೀಲ್ ಕಿಟ್" ಎಂದು ರಾಕ್‌ಶಾಕ್ಸ್ ಮಾದರಿಯ ಹೆಸರನ್ನಷ್ಟೇ ಹೇಳಿದರೆ ಸಾಲದು. ಒಂದೇ ಹೆಸರಿನಲ್ಲಿ ವರ್ಷ ವರ್ಷಕ್ಕೂ ಕೊಳವೆಯ ಅಳತೆ, ಗಾಳಿ ಸ್ಪ್ರಿಂಗಿನ ವಿನ್ಯಾಸ ಬದಲಾಗಿರುತ್ತದೆ. ರಾಕ್‌ಶಾಕ್ಸ್‌ನಲ್ಲಿ ಕ್ರೌನ್ ಹಿಂಬದಿಯ ಸೀರಿಯಲ್ ನಂಬರ್, ಫಾಕ್ಸ್‌ನಲ್ಲಿ ಲೋವರ್ ಹಿಂಬದಿಯ ಸ್ಟಿಕ್ಕರಿನ ನಾಲ್ಕು ಅಕ್ಷರದ ಕೋಡ್ ನೋಡಿ. ಅದರ ಫೋಟೋವನ್ನು, ಮೇಲಿನ ಪರೀಕ್ಷೆಗಳಲ್ಲಿ ಕಂಡದ್ದರ ಜೊತೆ ಅಂಗಡಿಯವರಿಗೆ ಕಳಿಸಿ: ಕೊಳವೆ ಎಷ್ಟು ಮಿ.ಮೀ. ಕಾಣುತ್ತಿದೆ, ಪಂಪ್ ಎಷ್ಟು ತೋರಿಸಿತು, ಗುಳ್ಳೆ ಎಲ್ಲಿ ಬಂತು, ಆಯಿಲ್ ಯಾವ ಕಾಲಿನಿಂದ ಎಷ್ಟು ಬಂತು.